ದೇವದುರ್ಗ ಸೀಮೆಯ ಕನ್ನಡವೂ ಪಾರಸಿ ಭಾಷೆಯೂ

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನಲ್ಲಿ ಒಕ್ಕಲಿಗನೊಬ್ಬನು ತನ್ನ ಹೊಲದ ಮಾತನ್ನು ಆಡತೊಡಗಿದನೆಂದರೆ ಆತನ ನಾಲಗೆಯ ಮೇಲೆ ಬರುವ ಶಬ್ದಗಳನ್ನು ತುಸು ಲಕ್ಷ್ಯಗೊಟ್ಟು ಕೇಳಬೇಕು. ಉಳುವುದು, ಹರಗುವುದು, ಬಿತ್ತುವುದು, ಕುಂಟೆ, ಕೂರಿಗೆ, ತೆನೆ, ಹೊಟ್ಟು ಇವೆಲ್ಲವೂ ಕನ್ನಡದ ಸ್ವಂತ ಒಡವೆಗಳು. ಆದರೆ ಅದೇ ಹೊಲವು ಚಾವಡಿಯ ಮೆಟ್ಟಿಲನ್ನು ಹತ್ತಿದೊಡನೆ ಜಮೀನಾಗುವುದು, ಬೆಳೆಯು ಫಸಲಾಗುವುದು, ಒಕ್ಕಲಿಗನು ರೈತನಾಗುವನು, ತೆತ್ತುದು ವಸೂಲಿಯೆನಿಸುವುದು, ತೆರದೆ ಉಳಿದುದು ಬಾಕಿಯೆನಿಸುವುದು, ಮೊರೆಯು ಅರ್ಜಿಯಾಗುವುದು, ಅಪ್ಪಣೆಯು ಹುಕುಮಾಗುವುದು. ಮಣ್ಣಿನೊಡನೆ ಆಡುವ ಮಾತು ಕನ್ನಡ, ಪ್ರಭುತ್ವದೊಡನೆ ಆಡುವ ಮಾತು ಪಾರಸಿ ಎಂಬಂತೆ ಒಂದೇ ನಾಲಗೆಯಲ್ಲಿ ಎರಡು ಸೀಮೆಗಳು ಏರ್ಪಟ್ಟಿರುವುವು.

ಈ ಎರಡು ಸೀಮೆಗಳ ನಡುವಣ ಗಡಿಗೆರೆಯೇ ನಮ್ಮ ನಾಡಿನ ಆರು ಶತಮಾನಗಳ ಇತಿಹಾಸವಾಗಿದೆ. ಅದನ್ನು ಅರಿಯಬೇಕಾದರೆ ಪಾರಸಿ ಭಾಷೆಯ ಸ್ವರೂಪವನ್ನು ಶಾಸ್ತ್ರೀಯವಾಗಿ ಅರಿಯುವುದು ಅವಶ್ಯ. ಈ ಅರಿವು ಕೇವಲ ಪಂಡಿತರ ವಿನೋದಕ್ಕಾಗಿ ಅಲ್ಲ. ನಮ್ಮ ಮಠಗಳ, ಮನೆತನಗಳ, ದಾಸೋಹದ ಭೂಮಿಗಳ ಹಕ್ಕಿನ ಪತ್ರಗಳು ಬಹುಕಾಲ ಬರೆಯಲ್ಪಟ್ಟುದು ಈ ಭಾಷೆಯಲ್ಲಿಯೇ. ಓದಲು ಬಾರದ ಹಕ್ಕುಪತ್ರವು ಕುರುಡನ ಕೈಯ ಕನ್ನಡಿಯಂತೆ. ಆದುದರಿಂದ ಈ ಮಹೋತ್ಸವದ ಸಂಚಿಕೆಯಲ್ಲಿ ಪಾರಸಿಯು ನಮ್ಮ ಸೀಮೆಗೆ ಬಂದ ಬಗೆಯನ್ನೂ, ಸಂಸ್ಕೃತದೊಡನೆ ಅದಕ್ಕಿರುವ ನಂಟನ್ನೂ, ಕನ್ನಡದ ಬಾಯಲ್ಲಿ ಅದು ಪಡೆದ ರೂಪವನ್ನೂ ಹೇಳಿ, ಕೊನೆಗೆ ನಮಗಿರುವ ಕರ್ತವ್ಯವನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಪಾರಸಿಯು ಈ ನಾಡಿಗೆ ಬಂದ ಬಗೆ

ಕ್ರಿ. ಶ. ೧೩೪೭ರಲ್ಲಿ ಕಲಬುರ್ಗಿಯಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಯಿತು. ಅಂದಿನಿಂದ ಪಾರಸಿಯು ದಕ್ಷಿಣಾಪಥದ ಅರಮನೆಯ ಭಾಷೆಯಾಯಿತು. ಬಹಮನಿ ಅರಸರ ಮಂತ್ರಿಯಾದ ಮಹಮೂದ ಗವಾನನು ಬೀದರದಲ್ಲಿ ೧೪೭೨ರಲ್ಲಿ ಮದರಸಾ ಕಟ್ಟಿಸಿದುದನ್ನು ಎಲ್ಲರೂ ಬಲ್ಲರು. ಆತನು ಪಾರಸಿಯಲ್ಲಿ ಪತ್ರಲೇಖನದ ಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನು ರಚಿಸಿದನೆಂಬುದನ್ನೂ, ಆತನ ಪತ್ರಗಳ ಸಂಗ್ರಹವು ಇಂದಿಗೂ ಉಳಿದಿರುವುದೆಂಬುದನ್ನೂ ಬಲ್ಲವರು ಕಡಿಮೆ. ಅರಸನಿಗೆ, ಮಂತ್ರಿಗೆ, ಸಮಾನನಿಗೆ, ಕಿರಿಯನಿಗೆ ಹೇಗೆ ಬರೆಯಬೇಕೆಂಬ ಕ್ರಮವನ್ನು ಕಲಿಸುವ ಶಾಸ್ತ್ರಗ್ರಂಥವೊಂದು ನಮ್ಮ ನೆರೆಯ ಬೀದರದಲ್ಲಿಯೇ ಹುಟ್ಟಿತು.

ಬಹಮನಿ ರಾಜ್ಯವು ಒಡೆದ ಬಳಿಕ ರಾಯಚೂರು ದೋಆಬಕ್ಕಾಗಿ ವಿಜಯನಗರಕ್ಕೂ ಬಿಜಾಪುರದ ಆದಿಲಶಾಹಿಗೂ ನಡೆದ ಹೋರಾಟಗಳು ಸುಪ್ರಸಿದ್ಧವಾಗಿವೆ. ೧೫೨೦ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ ಆದಿಲಶಾಹನನ್ನು ಸೋಲಿಸಿ ರಾಯಚೂರನ್ನು ಗೆದ್ದನು. ‘ದೋಆಬ’ ಎಂಬ ಹೆಸರೇ ಪಾರಸಿಯದು: ‘ದೋ’ ಎಂದರೆ ದ್ವಿ, ‘ಆಬ್’ ಎಂದರೆ ಅಪ್, ಅರ್ಥಾತ್ ಎರಡು ನೀರು. ನಮ್ಮ ಪೂರ್ವಿಕರು ಎರಡು ತೊರೆಗಳ ನಡುವಣ ನಾಡನ್ನು ಎಡೆದೊರೆಯೆಂದು ಕರೆದರು, ಪಾರಸಿಯವರು ದೋಆಬವೆಂದರು. ಇಬ್ಬರ ಕಣ್ಣಿಗೂ ಕಂಡುದು ಒಂದೇ ನೆಲ, ಒಂದೇ ನೀರು. ರಾಯಚೂರಿನ ಕೋಟೆಯಲ್ಲಿ ಕಾಕತೀಯರ ಕಾಲದ ೧೨೯೪ರ ಶಿಲಾಲೇಖವೂ ಇದೆ, ಸುಲ್ತಾನರ ಕಾಲದ ಪಾರಸಿ ಶಾಸನಗಳೂ ಇವೆ. ಅದೇ ಕೋಟೆಯ ‘ನವರಂಗ ದರವಾಜೆ’ಯ ಹೆಸರಿನಲ್ಲಿ ಪೂರ್ವಾರ್ಧವು ಸಂಸ್ಕೃತ, ಉತ್ತರಾರ್ಧವು ಪಾರಸಿ.

ಆದಿಲಶಾಹಿ ಅರಸರಲ್ಲಿ ಒಂದನೆಯ ಇಬ್ರಾಹಿಮನು (೧೫೩೪–೧೫೫೮) ಲೆಕ್ಕಪತ್ರಗಳನ್ನು ಪಾರಸಿಯಿಂದ ಬಿಡಿಸಿ ದೇಶಭಾಷೆಗೆ ತಂದು ಬ್ರಾಹ್ಮಣ ಲೆಕ್ಕಿಗರ ವಶಕ್ಕೆ ಕೊಟ್ಟನೆಂದು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಸ್ತನು ಬರೆದಿರುವನು. ಇದು ಬಹಳ ಮಹತ್ತ್ವದ ಸಂಗತಿ. ಏಕೆಂದರೆ ಪಾರಸಿಯ ಶಬ್ದಗಳು ಹಳ್ಳಿಗೆ ಇಳಿದುದು ಅರಮನೆಯ ಕವಿಗಳಿಂದಲ್ಲ. ಎರಡು ಭಾಷೆಗಳ ನಡುವೆ ಕುಳಿತು ಲೆಕ್ಕ ಬರೆಯುತ್ತಿದ್ದ ಕುಲಕರ್ಣಿ, ದೇಸಾಯಿ, ದೇಶಮುಖರ ಲೇಖನಿಯಿಂದ. ಭಾಷೆ ಬದಲಾದರೂ ಲೆಕ್ಕದ ಶಬ್ದಗಳು ಬದಲಾಗಲಿಲ್ಲ. ಅವು ದೇಶಭಾಷೆಯ ವಾಕ್ಯದೊಳಗೆ ಹಾಗೆಯೇ ಬೇರೂರಿದುವು.

೧೬೮೬ರಲ್ಲಿ ಬಿಜಾಪುರವು ಔರಂಗಜೇಬನ ಕೈಸೇರಿತು. ೧೭೨೪ರ ಬಳಿಕ ಈ ಪ್ರಾಂತವು ಹೈದರಾಬಾದಿನ ಆಸಫಜಾಹಿ ವಂಶದ ಆಳಿಕೆಗೆ ಬಂದಿತು. ೧೮೫೩ರಿಂದ ೧೮೬೦ರವರೆಗೆ ರಾಯಚೂರು ದೋಆಬವು ಇಂಗ್ಲಿಷರ ಆಡಳಿತದಲ್ಲಿದ್ದು ಮತ್ತೆ ನಿಜಾಮರಿಗೆ ಮರಳಿತು. ಇಂಗ್ಲಿಷರು ತಮ್ಮ ರಾಜ್ಯದಲ್ಲಿ ೧೮೩೭ರಲ್ಲಿಯೇ ಪಾರಸಿಯನ್ನು ಕಚೇರಿಗಳಿಂದ ತೆಗೆದರು. ನಿಜಾಮರ ಸೀಮೆಯಲ್ಲಿಯೋ ಅದು ೧೮೮೪ರ ಹೊತ್ತಿಗೆ ಮಾತ್ರ ಉರ್ದುವಿಗೆ ಸ್ಥಳ ಬಿಟ್ಟುಕೊಟ್ಟಿತು. ಉರ್ದುವಿನ ಕಚೇರಿ ಶಬ್ದಗಳೆಲ್ಲ ಪಾರಸಿಯವೇ ಆದುದರಿಂದ ೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರುವವರೆಗೂ ದೇವದುರ್ಗ, ಮಾನವಿ, ರಾಯಚೂರುಗಳ ದಫ್ತರದಲ್ಲಿ ಪಾರಸಿಯ ಛಾಯೆ ಅಳಿಯಲಿಲ್ಲ. ೧೯೫೬ರ ನವೆಂಬರ ೧ರಂದು ರಾಯಚೂರು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಬಳಿಕ ಕನ್ನಡವು ತನ್ನ ಮನೆಯ ಒಡೆತನವನ್ನು ಮರಳಿ ಪಡೆಯಿತು. ಆದರೆ ಮನೆಯೊಳಗಣ ಪೆಟ್ಟಿಗೆಗಳ ಬೀಗದಕೈ ಹಳೆಯ ಭಾಷೆಯಲ್ಲಿಯೇ ಉಳಿಯಿತು.

ಸಂಸ್ಕೃತಕ್ಕೂ ಪಾರಸಿಗೂ ಇರುವ ನಂಟು

ಪಾರಸಿಯೆಂದರೆ ಪರಕೀಯವಾದ ಭಾಷೆ, ಅದರಲ್ಲಿ ನಮಗೇನು ಎಂಬ ಭಾವನೆಯು ಸಂಸ್ಕೃತ ಪಾಠಶಾಲೆಗಳಲ್ಲಿ ಬಹುಕಾಲದಿಂದ ಇದ್ದಿತು. ಇದು ವಿಚಾರಕ್ಕೆ ನಿಲ್ಲತಕ್ಕುದಲ್ಲ. ಸಂಸ್ಕೃತ ಪಂಡಿತರು ಹಿಂದೆ ಈ ಭಾಷೆಯನ್ನು ಕಡೆಗಣಿಸಲಿಲ್ಲ. ಅಕ್ಬರನ ಕಾಲದಲ್ಲಿ ಕೃಷ್ಣದಾಸನೆಂಬ ಪಂಡಿತನು ‘ಪಾರಸೀಪ್ರಕಾಶ’ವೆಂಬ ಗ್ರಂಥದಲ್ಲಿ ಪಾರಸಿಯ ಕೋಶವನ್ನೂ ವ್ಯಾಕರಣವನ್ನೂ ಸಂಸ್ಕೃತದಲ್ಲಿ ನಿರೂಪಿಸಿದನು. ಶಿವಾಜಿ ಮಹಾರಾಜರ ಆಸ್ಥಾನದಲ್ಲಿ ರಘುನಾಥ ಪಂಡಿತನು ‘ರಾಜವ್ಯವಹಾರಕೋಶ’ವನ್ನು ರಚಿಸಿ, ಪಾರಸಿ ಮೂಲದ ಆಡಳಿತ ಶಬ್ದಗಳಿಗೆ ಸಂಸ್ಕೃತದ ಪರ್ಯಾಯ ಪದಗಳನ್ನು ಕೊಟ್ಟನು. ಮೊದಲನೆಯವನು ಪಾರಸಿಯನ್ನು ಕಲಿಸಲು ಬರೆದನು, ಎರಡನೆಯವನು ಅದನ್ನು ಬಿಡಿಸಲು ಬರೆದನು. ಇಬ್ಬರಿಗೂ ಅದನ್ನು ಸರಿಯಾಗಿ ಅರಿಯದೆ ಗತ್ಯಂತರವಿರಲಿಲ್ಲ.

ಪಾರಸಿಯ ಭಾಷಾಶಾಸ್ತ್ರಕ್ಕೆ ದಕ್ಷಿಣಾಪಥವು ಸಲ್ಲಿಸಿದ ಕಾಣಿಕೆಯೂ ದೊಡ್ಡದು. ಪಾರಸಿಯ ನಿಘಂಟುಗಳಲ್ಲಿ ಬಹು ಪ್ರಖ್ಯಾತವಾದ ‘ಬುರ್ಹಾನೆ ಕಾತೆ’ಯು ಇರಾನದಲ್ಲಿ ಹುಟ್ಟಿದುದಲ್ಲ. ತಬ್ರೀಜ ಮನೆತನದ ಮಹಮ್ಮದ ಹುಸೇನನು ಅದನ್ನು ೧೬೫೨ರ ಸುಮಾರಿಗೆ ಗೋಲಕೊಂಡೆಯಲ್ಲಿ ರಚಿಸಿ ಅಬ್ದುಲ್ಲಾ ಕುತುಬಶಾಹನಿಗೆ ಅರ್ಪಿಸಿದನು. ಎರಡು ಶತಮಾನಗಳ ಬಳಿಕ ಕವಿ ಗಾಲಿಬನು ಅದರ ದೋಷಗಳನ್ನು ಎತ್ತಿ ತೋರಿ ೧೮೬೨ರಲ್ಲಿ ಖಂಡನಗ್ರಂಥವನ್ನು ಪ್ರಕಟಿಸಿದಾಗ ಪಂಡಿತರಲ್ಲಿ ದೊಡ್ಡ ವಾದವೇ ಎದ್ದಿತು. ಕೃಷ್ಣೆಯ ನೀರು ಕುಡಿದ ಸೀಮೆಗೆ ಸಮೀಪದಲ್ಲಿಯೇ ಪಾರಸಿಯ ಶಬ್ದಸಾಗರವನ್ನು ಕಡೆದರೆಂಬುದು ನಾವು ನೆನೆಯತಕ್ಕ ಸಂಗತಿ.

೧೭೮೬ರ ಫೆಬ್ರವರಿ ೨ರಂದು ಕಲಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸನು ಮಾಡಿದ ಭಾಷಣವನ್ನು ಆಧುನಿಕ ಭಾಷಾಶಾಸ್ತ್ರದ ಆರಂಭವೆನ್ನುವರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದೂ ಪ್ರಾಚೀನ ಪಾರಸಿಯನ್ನು ಅದೇ ಕುಟುಂಬಕ್ಕೆ ಸೇರಿಸಬಹುದೆಂದೂ ಆತನು ಹೇಳಿದನು. ಅದಕ್ಕಿಂತಲೂ ಮುಂಚೆ, ೧೭೫೬ರಲ್ಲಿ ಕಾಲವಾದ ದಿಲ್ಲಿಯ ಪಂಡಿತ ಸಿರಾಜುದ್ದೀನ ಅಲಿ ಖಾನ ಆರ್ಜೂ ಎಂಬಾತನು ಸಂಸ್ಕೃತ ಪಾರಸಿಗಳ ಶಬ್ದಸಾಮ್ಯವನ್ನು ಗುರುತಿಸಿ ತನ್ನ ಗ್ರಂಥದಲ್ಲಿ ಚರ್ಚಿಸಿರುವನು. ಈ ಕೀರ್ತಿಯಲ್ಲಿ ನಮ್ಮ ದೇಶದವನಿಗೂ ಪಾಲುಂಟು.

ಈ ನಂಟನ್ನು ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ, ನಿಯಮಗಳಿಂದ ಪರೀಕ್ಷಿಸಬಹುದು. ಸಂಸ್ಕೃತದ ಸಕಾರವಿರುವಲ್ಲಿ ಪಾರಸಿಯಲ್ಲಿ ಬಹುಶಃ ಹಕಾರವಿರುವುದು: ಸಪ್ತ–ಹಫ್ತ್, ಸಿಂಧು–ಹಿಂದು, ಸಮ–ಹಮ್. ನಮ್ಮವರು ವಾರಕ್ಕೆ ‘ಹಫ್ತೆ’ ಎಂದಾಗ ಸಪ್ತಾಹವನ್ನೇ ಹೇಳಿದಂತಾಯಿತು. ಸಂಸ್ಕೃತದ ಘೋಷ ಮಹಾಪ್ರಾಣಗಳು ಪಾರಸಿಯಲ್ಲಿ ಅಲ್ಪಪ್ರಾಣಗಳಾಗುವುವು: ಭ್ರಾತೃ–ಬಿರಾದರ್, ಭೂಮಿ–ಬೂಮ್, ಬಂಧ–ಬಂದ್. ತಾಲವ್ಯ ಶಕಾರಕ್ಕೆ ದಂತ್ಯ ಸಕಾರವು ಬರುವುದು: ಶತ–ಸದ್, ಶಿರಸ್–ಸರ್. ಕೆಲವೆಡೆ ಹಕಾರಕ್ಕೆ ಜಕಾರವು ಬರುವುದು: ಬಾಹು–ಬಾಜೂ. ‘ಈ ಬಾಜು, ಆ ಬಾಜು’ ಎನ್ನುವ ನಮ್ಮ ಸೀಮೆಯವನು ಬಾಹುವನ್ನೇ ಚಾಚಿ ತೋರಿಸುತ್ತಿರುವನು.

ಈ ನಿಯಮಗಳನ್ನು ಹಿಡಿದು ನಮ್ಮ ಚಾವಡಿಯ ಶಬ್ದಗಳನ್ನು ಬಿಡಿಸಿ ನೋಡಿದರೆ ಆಶ್ಚರ್ಯವಾಗುವುದು. ‘ಸರಕಾರ’ದಲ್ಲಿ ‘ಸರ್’ ಎಂಬುದು ಶಿರಸ್ಸು, ‘ಕಾರ್’ ಎಂಬುದು ಕಾರ್ಯ. ‘ದಾರ್’ ಎಂಬ ಪ್ರತ್ಯಯವು ‘ಧೃ’ ಧಾತುವಿನ ಬಂಧು. ಆದುದರಿಂದ ಸರದಾರ, ಇನಾಮದಾರ, ಜಮೀನದಾರರೆಲ್ಲರೂ ‘ಧಾರ’ರು, ಧರಿಸಿದವರು. ಸಂಸ್ಕೃತದ ಹಸ್ತಕ್ಕೆ ಇರಾನದ ಪ್ರಾಚೀನ ಅವೆಸ್ತಾ ಭಾಷೆಯಲ್ಲಿ ‘ಜಸ್ತ’, ಪಾರಸಿಯಲ್ಲಿ ‘ದಸ್ತ್’. ಅದರಿಂದಲೇ ದಸ್ಕತ್ತು, ದಸ್ತಾವೇಜು, ದಸ್ತಗಿರಿ. ದಸ್ತಗಿರಿಯ ಉತ್ತರಪದವು ವೇದದ ‘ಗ್ರಭ್’, ಲೌಕಿಕದ ‘ಗ್ರಹ್’ ಧಾತುವಿಗೆ ಸೋದರ. ಅದು ಅಕ್ಷರಶಃ ಹಸ್ತಗ್ರಹಣ. ‘ಸವಾರ’ನು ಪ್ರಾಚೀನ ಪಾರಸಿಯ ‘ಅಸಬಾರ’, ಎಂದರೆ ಅಶ್ವಭಾರ, ಕುದುರೆಯು ಹೊತ್ತವನು.

ಲಿಪಿಯೆಂಬ ಶಬ್ದದ ಕಥೆಯೂ ಇಂಥದೇ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ದೊರೆತ ಅಶೋಕನ ಶಾಸನವನ್ನು ಎಲ್ಲರೂ ಬಲ್ಲರು. ಅಶೋಕನ ವಾಯವ್ಯ ಶಾಸನಗಳಲ್ಲಿ ಲಿಪಿಗೆ ‘ದಿಪಿ’ ಎಂಬ ರೂಪವಿರುವುದು. ಅದು ಇರಾನದ ದಾರಯವಹು ಚಕ್ರವರ್ತಿಯ ಶಿಲಾಶಾಸನಗಳಲ್ಲಿರುವ ಪ್ರಾಚೀನ ಪಾರಸಿಯ ಶಬ್ದವೇ ಆಗಿದೆ. ಲಿಪಿಶಬ್ದದ ಮೂಲವೇ ಇದೆಂದು ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿ ಒಪ್ಪಿರುವರು.

ಇನ್ನು ಎಲ್ಲಕ್ಕಿಂತ ಹೃದ್ಯವಾದ ಉದಾಹರಣೆಯೊಂದುಂಟು. ಮುಸಲ್ಮಾನ ಬಾಂಧವರ ಪ್ರಾರ್ಥನೆಗೆ ಅರಬ್ಬಿಯಲ್ಲಿ ‘ಸಲಾತ್’ ಎಂದು ಹೆಸರು. ನಮ್ಮಲ್ಲಿ ರೂಢಿಯಲ್ಲಿರುವ ‘ನಮಾಜು’ ಪಾರಸಿಯ ಶಬ್ದ. ಅದು ಸಂಸ್ಕೃತದ ‘ನಮಸ್’ ಎಂಬುದರ ಸೋದರಿ. ಪಂಚಾಕ್ಷರಿಯ ಮೊದಲ ಪದವೂ ನೆರೆಯ ಮಸೀದೆಯ ನಮಾಜೂ ಒಂದೇ ಬೇರಿನಿಂದ ಚಿಗುರಿದ ಎರಡು ಕವಲುಗಳು. ಬಾಗುವ ಭಾವಕ್ಕೆ ಬೇರೆ ಬೇರೆ ಕುಲವಿಲ್ಲವೆಂಬುದಕ್ಕೆ ಶಬ್ದಶಾಸ್ತ್ರವೇ ಸಾಕ್ಷಿ ನುಡಿಯುವುದು.

ಬಂಧುತ್ವವಿದ್ದಮಾತ್ರಕ್ಕೆ ಅರ್ಥವು ಒಂದೇ ಆಗಬೇಕೆಂಬ ನಿಯಮವಿಲ್ಲ. ಇದಕ್ಕೆ ನಮ್ಮ ಊರಿನ ಹೆಸರೇ ನಿದರ್ಶನ. ಸಂಸ್ಕೃತದ ‘ದೇವ’ ಶಬ್ದಕ್ಕೆ ಅವೆಸ್ತಾದಲ್ಲಿ ‘ದಏವ’, ಪಾರಸಿಯಲ್ಲಿ ‘ದೇವ್’ ಅಥವಾ ‘ದೀವ್’ ಎಂಬ ರೂಪಗಳಿವೆ. ಆದರೆ ಅರ್ಥವು ರಾಕ್ಷಸನೆಂದು! ಪ್ರತಿಯಾಗಿ ನಮ್ಮ ‘ಅಸುರ’ನು ಅಲ್ಲಿ ‘ಅಹುರ’ನಾಗಿ ಪರಮೇಶ್ವರನ ಪದವಿಯಲ್ಲಿರುವನು. ಋಗ್ವೇದದಲ್ಲಿಯೂ ವರುಣಾದಿಗಳನ್ನು ಅಸುರರೆಂದು ಗೌರವದಿಂದ ಕರೆದುದುಂಟು. ಕಾಲಾಂತರದಲ್ಲಿ ಒಂದು ಕುಟುಂಬದ ಇಬ್ಬರು ಮಕ್ಕಳು ಬೇರೆಯಾದಂತೆ ಈ ಶಬ್ದಗಳ ಮಾನಾವಮಾನಗಳೂ ಅದಲುಬದಲಾದುವು. ದೇವದುರ್ಗವೆಂದು ಪಾರಸಿ ಅಕ್ಷರದಲ್ಲಿ ಬರೆದ ಮುನಶಿಯು ತನ್ನ ಭಾಷೆಯಲ್ಲಿ ಅಸುರವಾಚಕವಾದ ಶಬ್ದವನ್ನೇ ಬರೆದಂತಾಯಿತು. ಆದರೂ ಅವನು ಊರಿನ ಹೆಸರನ್ನು ಬದಲಿಸಲಿಲ್ಲ, ಊರವರು ಅವನ ಲೇಖನಿಯನ್ನು ಹಳಿಯಲಿಲ್ಲ.

ಕನ್ನಡದ ಬಾಯಿಗೆ ಬಂದ ಪಾರಸಿ

ಪರಭಾಷೆಯ ಶಬ್ದವು ಕನ್ನಡಕ್ಕೆ ಬಂದಾಗ ಕನ್ನಡದ ಧರ್ಮವನ್ನು ಸ್ವೀಕರಿಸಿಯೇ ಇರಬೇಕು. ಹದಿಮೂರನೆಯ ಶತಮಾನದ 

ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ಕನ್ನಡವಾಗುವ ಕ್ರಮವನ್ನು ವಿಧಿಸಿರುವನು. ಆತನ ಕಾಲಕ್ಕೆ ಪಾರಸಿಯು ಇಲ್ಲಿಗೆ ಬಂದಿರಲಿಲ್ಲ. ಆದರೂ ಕನ್ನಡವು ಸಂಸ್ಕೃತಕ್ಕೆ ಮಾಡಿದ ಸಂಸ್ಕಾರವನ್ನೇ ಪಾರಸಿಗೂ ಮಾಡಿತೆಂಬುದು ಗಮನಿಸತಕ್ಕ ವಿಷಯ.

ಸಂಸ್ಕೃತದ ಮಾಲಾ, ಶಾಲಾ ಎಂಬ ಆಕಾರಾಂತಗಳು ಕನ್ನಡದಲ್ಲಿ ಮಾಲೆ, ಶಾಲೆ ಎಂದು ಎಕಾರಾಂತಗಳಾಗುವುವು. ಅದೇ ರೀತಿಯಲ್ಲಿ ಖಜಾನಾ, ಕಾಯಿದಾ, ದರವಾಜಾ, ದವಾಖಾನಾ ಎಂಬುವು ಖಜಾನೆ, ಕಾಯಿದೆ, ದರವಾಜೆ, ದವಾಖಾನೆಗಳಾದುವು. ವ್ಯಂಜನಾಂತವಾದ ‘ಸಂಪತ್’ ಶಬ್ದವು ಸಂಪತ್ತು ಎಂದಾದಂತೆ ‘ಕೀಮತ್’ ಎಂಬುದು ಕಿಮ್ಮತ್ತು, ‘ಜಮೀನ್’ ಎಂಬುದು ಜಮೀನು ಎಂದಾಯಿತು. ಕನ್ನಡದ ನಾಲಗೆಗೆ ಕಠಿಣವಾದ ಸಂಯುಕ್ತಾಕ್ಷರಗಳ ನಡುವೆ ಸ್ವರವೊಂದು ಸೇರಿ ‘ಹುಕ್ಮ್’ ಹುಕುಮಾಯಿತು, ‘ನಕ್ಲ್’ ನಕಲಾಯಿತು, ‘ಅಸ್ಲ್’ ಅಸಲಾಯಿತು, ‘ಫಸ್ಲ್’ ಫಸಲಾಯಿತು. ಗಂಟಲಿನಿಂದ ಹೊರಡುವ ಅರಬ್ಬಿ ಪಾರಸಿಯ ವರ್ಣಗಳು ತಮ್ಮ ಕರ್ಕಶತೆಯನ್ನು ಬಿಟ್ಟು ಕ, ಖ, ಗಗಳಲ್ಲಿ ಅಡಗಿದುವು.

ಲಿಂಗದ ವಿಷಯವು ಇನ್ನೂ ಸ್ವಾರಸ್ಯವಾದುದು. ಪಾರಸಿಯ ನಾಮಪದಗಳಲ್ಲಿ ಲಿಂಗಭೇದವಿಲ್ಲ. ಕನ್ನಡದಲ್ಲಿಯೋ ಮನುಷ್ಯರೊಂದು ಪಂಕ್ತಿ, ಮಿಕ್ಕುದೆಲ್ಲವೂ ಇನ್ನೊಂದು ಪಂಕ್ತಿ. ಆದುದರಿಂದ ಕನ್ನಡವು ಬಂದ ಶಬ್ದಗಳನ್ನು ಬಾಗಿಲಲ್ಲಿಯೇ ವಿಂಗಡಿಸಿತು. ಮನುಷ್ಯವಾಚಕಗಳಿಗೆ ಅಕಾರವನ್ನು ಕೊಟ್ಟು ವಕೀಲ, ರೈತ, ನೌಕರ, ಸವಾರ ಎಂದಿತು. ವಸ್ತುವಾಚಕಗಳಿಗೆ ಬಹುಮಟ್ಟಿಗೆ ಉಕಾರವನ್ನು ಕೊಟ್ಟು ತಾರೀಖು, ಮೊಹರು, ಇನಾಮು ಎಂದಿತು. ಸರಕಾರ, ಕಾಗದಗಳಂಥ ಕೆಲವು ಮಾತ್ರ ಸಂಸ್ಕೃತದ ಅಕಾರಾಂತ ನಪುಂಸಕಗಳ ಅಚ್ಚಿನಲ್ಲಿ ನಿಂತುವು. ಈ ವಿಂಗಡಣೆಯನ್ನು ಯಾವ ಪಂಡಿತಸಭೆಯೂ ಮಾಡಲಿಲ್ಲ. ಅಕ್ಷರವರಿಯದ ಒಕ್ಕಲು ಮಕ್ಕಳ ನಾಲಗೆಯು ಮಾಡಿತು. ಮುಂದೆ ಪ್ರತ್ಯಯಗಳೂ ಒಳಹೊಕ್ಕು ‘ಪಾಲುದಾರ’, ‘ಗುತ್ತಿಗೆದಾರ’ ಎಂಬ ಶಬ್ದಗಳಲ್ಲಿ ಕನ್ನಡದ ಪ್ರಕೃತಿಗೆ ಪಾರಸಿಯ ಪ್ರತ್ಯಯವು ಬೆಸೆದುಹೋಯಿತು.

ನಮ್ಮ ಶಬ್ದಗಳಲ್ಲಿ ಅನೇಕವು ಮೂಲತಃ ಅರಬ್ಬಿಯವು. ಅವು ಪಾರಸಿಯ ಮೂಲಕವೇ ಬಂದುವೆಂಬುದಕ್ಕೆ ಶಬ್ದದೊಳಗೇ ಪ್ರಮಾಣವುಂಟು. ಅರಬ್ಬರು ತಮ್ಮ ಶಬ್ದವನ್ನು ನಿಲ್ಲಿಸಿ ಉಚ್ಚರಿಸುವಾಗ ‘ಕೀಮ’ ಎನ್ನುವರು. ಪಾರಸಿಯವರು ಅಂತ್ಯದ ತಕಾರವನ್ನು ಉಳಿಸಿಕೊಂಡು ‘ಕೀಮತ್’ ಎನ್ನುವರು. ನಮ್ಮ ಕಿಮ್ಮತ್ತು, ಇಮಾರತುಗಳಲ್ಲಿರುವ ತಕಾರವು ಪಾರಸಿಯ ಹೆಜ್ಜೆಗುರುತಾಗಿದೆ.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಕಚೇರಿಯಲ್ಲಿ ಕೇಳಿದ ಪ್ರತಿಯೊಂದು ಶಬ್ದವನ್ನೂ ಪಾರಸಿಯೆಂದು ಎಣಿಸಬಾರದು. ರೈತನಿಗೆ ಪ್ರಾಣವಾದ ‘ಪಹಣಿ’ಯು ನೋಡು ಎಂಬ ಅರ್ಥದ ಮರಾಠಿ ಧಾತುವಿನಿಂದ ಬಂದುದು. ‘ದೇಸಾಯಿ’ಯಲ್ಲಿರುವುದು ಸಂಸ್ಕೃತದ ದೇಶ ಶಬ್ದ, ಆದರೆ ‘ಸರದೇಸಾಯಿ’ಯ ಮೊದಲ ಭಾಗವು ಪಾರಸಿ. ಅಲ್ಲದೆ ಧ್ವನಿಸಾಮ್ಯ ಮಾತ್ರದಿಂದ ಬಂಧುತ್ವವನ್ನು ಕಲ್ಪಿಸಬಾರದು. ಕೊರಳಿನ ‘ಸರ’ಕ್ಕೂ ಪಾರಸಿಯ ತಲೆಯಾದ ‘ಸರ್’ಗೂ ಸಂಬಂಧವಿಲ್ಲ. ನಿಯಮವು ಹತ್ತು ಶಬ್ದಗಳಲ್ಲಿ ಒಂದೇ ರೀತಿಯಾಗಿ ನಡೆದರೆ ಮಾತ್ರ ಅದು ಶಾಸ್ತ್ರ. ಒಂದೆರಡರಲ್ಲಿ ಕಂಡರೆ ಅದು ಕಾಕತಾಳೀಯ.

ಅರ್ಥಗಳಲ್ಲಿ ಅಡಗಿದ ಇತಿಹಾಸ

ಶಬ್ದಗಳ ಅರ್ಥವನ್ನು ಬಿಡಿಸಿದಾಗ ಆಡಳಿತದ ಒಳಮನಸ್ಸು ಹೊರಬೀಳುವುದು. ‘ರೈಯತ್’ ಎಂಬ ಅರಬ್ಬಿ ಶಬ್ದಕ್ಕೆ ಮೊದಲ ಅರ್ಥವು ಕಾಯುವವನ ವಶದಲ್ಲಿ ಮೇಯುವ ಮಂದೆ. ಅದರಿಂದ ಅರಸನ ಪ್ರಜೆಗಳೆಂಬ ಅರ್ಥ ಬಂದಿತು. ಕನ್ನಡದಲ್ಲಿ ಅದು ಪ್ರಜೆಯೆಂಬ ಅರ್ಥವನ್ನು ಬಿಟ್ಟು ನೆಲವನ್ನು ಉಳುವವನೆಂಬ ಒಂದೇ ಅರ್ಥದಲ್ಲಿ ನಿಂತಿತು. ಮಂದೆಯೆಂದು ಕರೆಯಲ್ಪಟ್ಟವನು ಕನ್ನಡದಲ್ಲಿ ಕಾಯಕದಿಂದ ಗುರುತಿಸಲ್ಪಟ್ಟವನಾದನು. ಕಾಯಕಕ್ಕೆ ಕೈಲಾಸದ ಪದವಿಯನ್ನು ಕೊಟ್ಟ ಶರಣರ ನಾಡಿನಲ್ಲಿ ಈ ಶಬ್ದವು ಹೀಗೆ ಮೇಲೆದ್ದುದು ಯುಕ್ತವೇ ಆಗಿದೆ.

‘ದಫ್ತರ’ವು ಪಾರಸಿಗೆ ಗ್ರೀಕರಿಂದ ಬಂದುದು, ಅಲ್ಲಿ ಅದಕ್ಕೆ ಹದಮಾಡಿದ ತೊಗಲೆಂದು ಅರ್ಥ. ತೊಗಲಿನ ಮೇಲೆ ಬರೆಯುತ್ತಿದ್ದ ಕಾಲದ ನೆನಪು ಈ ಶಬ್ದದಲ್ಲಿ ಉಳಿದಿದೆ. ‘ಜಿಲ್ಲೆ’ಯೆಂದರೆ ಪಕ್ಕೆಲುಬು, ಪಾರ್ಶ್ವ, ‘ತಾಲೂಕು’ ಎಂದರೆ ಸಂಬಂಧ, ತಗುಲಿಕೊಂಡುದು. ರಾಜ್ಯವು ದೇಹವೆಂದೂ ಜಿಲ್ಲೆಗಳು ಅದರ ಎಲುಬುಗಳೆಂದೂ ಭಾವಿಸಿದ ಕಲ್ಪನೆಯು ಇಲ್ಲಿ ಕಾಣುವುದು. ‘ಸುಮಾರು’ ಎಂಬುದರ ಗತಿಯು ವಿನೋದಕರವಾಗಿದೆ. ಪಾರಸಿಯ ‘ಶುಮಾರ್’ ಎಂದರೆ ಖಚಿತವಾದ ಎಣಿಕೆ. ಮನೆಗಳನ್ನು ಎಣಿಸುವುದರಿಂದ ಖಾನೇಸುಮಾರಿಯಾಯಿತು. ಆದರೆ ನಮ್ಮಲ್ಲಿ ಸುಮಾರು ಎಂದರೆ ಎಣಿಸದೆ ಹೇಳಿದ ಅಂದಾಜು! ಸರಕಾರದ ಎಣಿಕೆಯನ್ನು ಹಳ್ಳಿಯು ಎಷ್ಟರಮಟ್ಟಿಗೆ ನಂಬಿತ್ತೆಂಬುದನ್ನು ಈ ಒಂದು ಶಬ್ದದಿಂದಲೇ ಊಹಿಸಬಹುದು.

ಲಿಪಿಯ ತೊಡಕು, ಕಾಲಗಣನೆಯ ತೊಡಕು

ಇಷ್ಟರವರೆಗೆ ಹೇಳಿದುದು ಬಾಯಿಮಾತಿನ ಪಾರಸಿ. ಕಾಗದದ ಮೇಲಣ ಪಾರಸಿಯು ಇನ್ನೂ ಕಠಿಣವಾಗಿದೆ. ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಅವಸರದ ಬರವಣಿಗೆಯಲ್ಲಿ ಚುಕ್ಕೆಗಳನ್ನೂ ಬಿಡುವರು. ಪಾರಸಿಯಲ್ಲಿ ಟ, ಡ, ಣ, ಳಗಳಿಲ್ಲ. ಜಾಲಹಳ್ಳಿಯ ಳಕಾರವು ಲಕಾರವಾಗುವುದು. ಗಬ್ಬೂರಿನ ದ್ವಿತ್ವವು ಕಾಣದೆ, ಊಕಾರವೋ ಓಕಾರವೋ ತಿಳಿಯದೆ ಹೋಗುವುದು. ಇರಾನದಿಂದ ಬಂದ ಮಹಾಪಂಡಿತನೂ ಇಂಥ ಹೆಸರನ್ನು ಸರಿಯಾಗಿ ಓದಲಾರನು. ಪಾರಸಿಯನ್ನು ಬಲ್ಲ, ಈ ಸೀಮೆಯ ಹಳ್ಳಿಹಳ್ಳಿಯ ಹೆಸರನ್ನೂ ಹೊಲದ ಎಲ್ಲೆಯನ್ನೂ ಬಲ್ಲ ಕನ್ನಡಿಗನೇ ಓದಬೇಕು.

ಕಾಲಗಣನೆಯಲ್ಲಿ ಮೂರು ಪದ್ಧತಿಗಳು ನಡೆಯುತ್ತಿದ್ದುವು. ಚಾಂದ್ರಮಾನದ ಹಿಜರಿ ಒಂದು. ಫಸಲಿಗೆ ಹೊಂದಿಸಿದ ಫಸಲಿ ಸನ್ ಒಂದು. ಆದಿಲಶಾಹಿ ಮತ್ತು ಮರಾಠರ ಕಾಗದಗಳಲ್ಲಿ ಬರುವ ಶುಹೂರ ಸನ್ ಒಂದು. ಪತ್ರವೊಂದರಲ್ಲಿ ೧೦೮೬ ಎಂದಿದೆಯೆಂದು ಎಣಿಸೋಣ. ಹಿಜರಿಯಾದರೆ ಅದು ಕ್ರಿ. ಶ. ೧೬೭೫–೭೬, ಫಸಲಿಯಾದರೆ ೫೯೦ನ್ನು ಕೂಡಿಸಿ ೧೬೭೬–೭೭, ಶುಹೂರವಾದರೆ ೫೯೯ನ್ನು ಕೂಡಿಸಿ ೧೬೮೫–೮೬. ಮೊದಲೆರಡರಲ್ಲಿ ಬಿಜಾಪುರದ ಸಿಂಹಾಸನವು ಇನ್ನೂ ನಿಂತಿದೆ; ಮೂರನೆಯದರಲ್ಲಿ ಔರಂಗಜೇಬನ ಸೈನ್ಯವು ಬಿಜಾಪುರವನ್ನು ಮುತ್ತಿದೆ. ಒಂದೇ ಅಂಕೆಯನ್ನು ತಪ್ಪಾಗಿ ಓದಿದರೆ ಕೊಟ್ಟವನು ಯಾರು, ಕೊಟ್ಟುದು ಎಂಥ ಕಾಲದಲ್ಲಿ ಎಂಬುದೆಲ್ಲವೂ ತಲೆಕೆಳಗಾಗುವುದು.

ನಿಜಾಮರ ಸೀಮೆಯ ಫಸಲಿಯಲ್ಲಿ ಆಜೂರದಿಂದ ಮೊದಲಾಗಿ ಆಬಾನದವರೆಗೆ ಹನ್ನೆರಡು ಪ್ರಾಚೀನ ಇರಾನದ ತಿಂಗಳುಗಳಿದ್ದುವು. ಅವುಗಳಲ್ಲಿ ‘ಮೆಹರ್’ ಎಂಬುದು ವೇದದ ಮಿತ್ರ, ‘ಆಬಾನ್’ ಎಂಬುದು ಅಪ್‌ದೇವತೆ, ‘ಖುರ್ದಾದ್’ ಎಂಬುದು ಸರ್ವತಾತಿ. ದೇವದುರ್ಗದ ರೈತನು ಕಂದಾಯ ತೆತ್ತ ರಸೀದಿಯ ಮೇಲೆ ವೈದಿಕ ದೇವತೆಗಳ ಬಂಧುಗಳು ಪಾರಸಿಯ ವೇಷದಲ್ಲಿ ಕುಳಿತಿದ್ದರು.

ಮಠಗಳ ಪತ್ರಗಳೂ ನಮ್ಮ ಕರ್ತವ್ಯವೂ

ಭೂಮಿಯ ದಾನಪತ್ರಗಳಲ್ಲಿ ಒಂದೊಂದು ಶಬ್ದಕ್ಕೂ ಬೆಲೆಯುಂಟು. ‘ಮದದೆ ಮಾಶ್’ ಎಂದರೆ ಜೀವನೋಪಾಯಕ್ಕೆ ಕೊಟ್ಟ ಸಹಾಯ. ‘ಮಶ್ರೂತುಲ್ ಖಿದ್ಮತ್’ ಎಂದರೆ ಸೇವೆಯ ನಿಬಂಧನೆಗೆ ಒಳಪಟ್ಟುದು. ‘ಮಶ್ರೂತ್’ ಎಂಬುದು ನಾವು ದಿನವೂ ಆಡುವ ‘ಷರತ್ತು’ ಶಬ್ದದ ಧಾತುವಿನಿಂದಲೇ ಆದುದು. ಮೊದಲನೆಯದರಲ್ಲಿ ಪಡೆದವನ ಜೀವನವು ಮುಖ್ಯ. ಎರಡನೆಯದರಲ್ಲಿ ದೀಪ, ಪೂಜೆ, ದಾಸೋಹಗಳಂಥ ಸೇವೆಯು ಮುಖ್ಯ. ಭೂಮಿಯು ವ್ಯಕ್ತಿಗೆ ಸಂದುದೋ ಸೇವೆಗೆ ಸಂದುದೋ ಎಂಬ ಪ್ರಶ್ನೆಗೆ ಉತ್ತರವು ಈ ಒಂದು ಶಬ್ದದಲ್ಲಿ ಅಡಗಿರುವುದು. ಹೈದರಾಬಾದು ಪ್ರಾಂತದ ೧೯೫೫ರ ಇನಾಮು ರದ್ದಿಯಾತಿ ಕಾಯಿದೆಯ ಬಳಿಕ ಇನಾಮುಗಳ ಸ್ವರೂಪವೇ ಬದಲಾಯಿತು. ಆದರೂ ಯಾವ ನೆಲವನ್ನು ಯಾವ ಉದ್ದೇಶಕ್ಕಾಗಿ ಕೊಟ್ಟರೆಂಬ ವಿಚಾರವು ಇತಿಹಾಸಕ್ಕೂ ಧರ್ಮಕ್ಕೂ ಸಂಬಂಧಿಸಿದುದಾದುದರಿಂದ ಅದು ಮುಗಿದುಹೋಗುವಂಥದಲ್ಲ.

ಪತ್ರಗಳನ್ನು ಕಾಪಾಡಿದರೆ ಏನು ಫಲವೆಂಬುದಕ್ಕೆ ಕಾಶಿಯ ಜಂಗಮವಾಡಿ ಮಠವೇ ದೃಷ್ಟಾಂತ. ಅಕ್ಬರನಿಂದ ಮೊದಲುಗೊಂಡು ಔರಂಗಜೇಬನವರೆಗಿನ ಮೊಗಲ ಬಾದಶಹರು ಅಲ್ಲಿಯ ಜಂಗಮರಿಗೆ ಕೊಟ್ಟ ಪಾರಸಿ ಫರಮಾನುಗಳು ಆ ಮಠದಲ್ಲಿ ರಕ್ಷಿತವಾಗಿ ಉಳಿದುವು. ಅವುಗಳನ್ನು ವಿದ್ವಾಂಸರು ಓದಿ ಪ್ರಕಟಿಸಿದುದರಿಂದ ಗಂಗಾತೀರದಲ್ಲಿ ನಮ್ಮ ಸಮಾಜದವರು ಶತಮಾನಗಳ ಕಾಲ ನೆಲೆಸಿ ಬಾಳಿದ ಬಗೆಯೂ, ಅರಸರ ಮತವು ಬೇರೆಯಾಗಿದ್ದರೂ ಮಠದ ದಾನವು ಮುಂದುವರಿದ ಬಗೆಯೂ ಜಗತ್ತಿಗೆ ತಿಳಿದುಬಂದಿತು. ಆ ಕಾಗದಗಳು ಗೆದ್ದಲಿನ ಪಾಲಾಗಿದ್ದರೆ ಈ ಚರಿತ್ರೆಯನ್ನು ಯಾರು ಹೇಳುತ್ತಿದ್ದರು?

ಫ. ಗು. ಹಳಕಟ್ಟಿಯವರು ಮನೆಮನೆಯ ಜಂತಿಯ ಮೇಲಣ ತಾಡವೋಲೆಗಳನ್ನು ತೆಗೆದು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ ಶರಣರ ವಾಣಿಯನ್ನು ಉಳಿಸಿದರು. ಅವರ ಹೆಸರನ್ನು ಹೊತ್ತ ವಿಜಯಪುರದ ಸಂಶೋಧನ ಕೇಂದ್ರವು ಆದಿಲಶಾಹಿ ಕಾಲದ ಗ್ರಂಥಗಳನ್ನು ಕನ್ನಡಿಸುವ ಕಾರ್ಯವನ್ನು ಕೈಕೊಂಡುದು ಎಲ್ಲ ವಿಧದಲ್ಲಿಯೂ ಉಚಿತವಾಗಿದೆ. ಓಲೆಯು ನಮ್ಮ ಅನುಭಾವದ ಸಾಕ್ಷಿಯಾದರೆ ಫರಮಾನು ನಮ್ಮ ಲೋಕಜೀವನದ ಸಾಕ್ಷಿ. ಎರಡಕ್ಕೂ ಒಂದೇ ಬಗೆಯ ಆರೈಕೆ ಸಲ್ಲಬೇಕು.

ಈಗ ಈ ಪ್ರಾಂತದಲ್ಲಿ ಪಾರಸಿಯನ್ನೂ ಹಳೆಯ ಕಚೇರಿಯ ಉರ್ದುವನ್ನೂ ಓದಬಲ್ಲ ಹಿರಿಯರು ಬೆರಳೆಣಿಕೆಯಷ್ಟಾಗುತ್ತಿರುವರು. ಆದುದರಿಂದ ಮೂರು ಕಾರ್ಯಗಳು ತಡವಿಲ್ಲದೆ ಆಗಬೇಕು. ಮೊದಲನೆಯದಾಗಿ, ಮಠಗಳಲ್ಲಿಯೂ ಹಳೆಯ ಮನೆತನಗಳಲ್ಲಿಯೂ ಇರುವ ಪಾರಸಿ, ಉರ್ದು, ಮೋಡಿ ಪತ್ರಗಳ ಪಟ್ಟಿಯನ್ನು ಮಾಡಿ, ಅವುಗಳ ಛಾಯಾಪ್ರತಿಗಳನ್ನು ತೆಗೆದಿರಿಸಬೇಕು; ಅರ್ಥವಾಗದ ಕಾಗದವೆಂದು ಒಂದು ಚೂರನ್ನೂ ಎಸೆಯಬಾರದು. ಎರಡನೆಯದಾಗಿ, ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಪಾರಸಿಯನ್ನು ಕ್ರಮವಾಗಿ ಅಭ್ಯಾಸಮಾಡಬೇಕು. ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಓದಿದವರಿಗೆ ಮೇಲೆ ಹೇಳಿದ ಬಂಧುತ್ವದಿಂದ ಇದು ಅನ್ಯರಿಗಿಂತ ಸುಲಭಸಾಧ್ಯ. ಮೂರನೆಯದಾಗಿ, ಊರಿನ ಮುಸಲ್ಮಾನ ಹಿರಿಯರಲ್ಲಿ ಈ ವಿದ್ಯೆಯನ್ನು ಬಲ್ಲವರನ್ನು ಆದರದಿಂದ ಕರೆದು, ಅವರ ಎದುರು ಕುಳಿತು ಕಲಿಯಬೇಕು. ವಿದ್ಯೆಯನ್ನು ಕೊಡುವವನು ಗುರು. ಗುರುವಿಗೆ ಕುಲವನ್ನು ಕೇಳುವ ಸಂಪ್ರದಾಯವು ಶರಣರದಲ್ಲ.

ಪಾರಸಿಯ ಶಬ್ದಗಳನ್ನು ಕನ್ನಡದಿಂದ ಕಿತ್ತುಹಾಕಬೇಕೆನ್ನುವವರೂ ಉಂಟು. ಆಡಳಿತವು ಜನಕ್ಕೆ ತಿಳಿಯುವ ಭಾಷೆಯಲ್ಲಿ ಇರಬೇಕೆಂಬುದು ನಿರ್ವಿವಾದ; ದೇವಭಾಷೆಯನ್ನು ಬಿಟ್ಟು ಜನಭಾಷೆಯಲ್ಲಿ ತತ್ತ್ವವನ್ನು ನುಡಿದ ಶರಣರ ಅನುಯಾಯಿಗಳು ಇದನ್ನು ಅಲ್ಲಗಳೆಯಲಾರರು. ಆದರೆ ಜಮೀನು, ಕಾಗದ, ರೈತ ಎಂಬುವು ಈಗ ಯಾರಿಗೂ ತಿಳಿಯದ ಶಬ್ದಗಳಲ್ಲ. ಕನ್ನಡದ ಪ್ರತ್ಯಯವನ್ನು ಧರಿಸಿ ಕನ್ನಡದ ಮನೆಯಲ್ಲಿ ಬೆಳೆದುವು. ಕಿತ್ತುಹಾಕಬೇಕಾದುದು ತಿಳಿಯದ ಶಬ್ದವನ್ನು, ಅದು ಯಾವ ಭಾಷೆಯದೇ ಆಗಿರಲಿ. ಉಳಿಸಿಕೊಳ್ಳಬೇಕಾದುದು ತಿಳಿದ ಶಬ್ದವನ್ನು. ತಿಳಿದುಕೊಳ್ಳಬೇಕಾದುದು ಅದರ ಹಿಂದಣ ಚರಿತ್ರೆಯನ್ನು.

ಹಿರಿಯರು ಬಿಟ್ಟುಹೋದ ಪೆಟ್ಟಿಗೆಯೊಳಗಣ ಕಾಗದವನ್ನು ಕಣ್ಣಿಗೊತ್ತಿಕೊಂಡು ಪೂಜಿಸುವುದು ಭಕ್ತಿ. ಅದನ್ನು ಬಿಡಿಸಿ ಓದಿ ಅದರಂತೆ ನಡೆಯುವುದು ಜ್ಞಾನಯುಕ್ತವಾದ ಭಕ್ತಿ. ಶ್ರೀಮಠದ ಈ ಮಹೋತ್ಸವದ ಶುಭಕಾಲದಲ್ಲಿ ಸಮಾಜದ ತರುಣರಲ್ಲಿ ಅಂಥ ಜ್ಞಾನಾಸಕ್ತಿಯು ಹುಟ್ಟಲೆಂದೂ, ದೇವದುರ್ಗ ಸೀಮೆಯ ಮರೆಯಾದ ಚರಿತ್ರೆಯು ಅವರ ಕೈಯಿಂದ ಬೆಳಕಿಗೆ ಬರಲೆಂದೂ ಶ್ರೀಗುರುವಿನಲ್ಲಿ ಪ್ರಾರ್ಥಿಸುವೆವು.